ಜೋತುಬಿದ್ದ ರೂಫ್ ಬಟ್ಟೆ, ಉಬ್ಬಿದ ಡೋರ್ ಪ್ಯಾಡ್: ಕೊಡಗಿನ ಹಳೇ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ 2004ರ ಸೆಡಾನ್ ಕಾರಿನ ರೂಫ್ ಬಟ್ಟೆ ಎರಡು ಸಲ ಬಿದ್ದಿದೆ. ಮೊದಲ ಸಲ ದುಡ್ಡು ಕೊಟ್ಟು ಮಾಡಿಸಿದೆ, ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ತಲೆ ಮೇಲೆ ಬಂತು. ಎರಡನೇ ಸಲ ನಾನು, ನನ್ನ ಭಾವ ಸೇರಿ ಮನೆಯ ಶೆಡ್ಡಿನಲ್ಲೇ ಮಾಡಿಕೊಂಡೆವು. ಅದು ಇನ್ನೂ ಗಟ್ಟಿಯಾಗಿದೆ. ಅಂದಿನಿಂದ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದರೂ, ಯಾರದಾದರೂ ಮದುವೆಗೆ ಹೋದರೂ ಪಾರ್ಕಿಂಗ್ ಜಾಗದಲ್ಲಿ ಒಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ರೂಫ್ ಬಟ್ಟೆ ಯಾಕೆ ಬೀಳುತ್ತದೆ? ಅಂಟು ಬಿಟ್ಟುಕೊಂಡಿದೆ ಅಂತಾನಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಜೋತುಬಿದ್ದ ಕಡೆ ಬಟ್ಟೆಯ ಅಂಚು ಸ್ವಲ್ಪ ಎಳೆದು, ಹಿಂಭಾಗವನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಹಳದಿ ಮಿಶ್ರಿತ ಕಂದು ಬಣ್ಣದ ಪುಡಿ ಬರುತ್ತದೆ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಸ್ವಲ್ಪ ಜಿಗುಟು. ಅದು ಅಂಟಲ್ಲ, ಫೋಮ್. ಕಾರಿನ ರೂಫಿಗೆ ಹಾಕುವುದು ಬರೀ ಬಟ್ಟೆಯಲ್ಲ. ಅದರ ಬೆನ್ನಿಗೆ ಸುಮಾರು 3 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಫೋಮ್ ಇರುತ್ತದೆ. ಆ ಫೋಮನ್ನು ಒತ್ತಿ ಮಾಡಿದ ರಟ್ಟಿನಂಥ ಬೋರ್ಡಿಗೆ ಅಂಟಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಮತ್ತು ತೇವ ತಿಂದು ಫೋಮ್ ಒಳಗೊಳಗೇ ಪುಡಿಯಾಗುತ್ತದೆ. ಅಂಟು ಬೋರ್ಡಿನಲ್ಲೇ ಇರುತ್ತದೆ, ಬಟ್ಟೆಯೂ ಚೆನ್ನಾಗೇ ಇರುತ್ತದೆ, ನಡುವೆ ಹಿಡಿದುಕೊಂಡಿದ್ದ ಪದರ ಮಾತ್ರ ಇಲ್ಲ.

ಹಾಗಾದರೆ ಅದೇ ಬಟ್ಟೆಗೆ ಹೊಸ ಅಂಟು ಹಾಕಿ ಒತ್ತಿದರೆ ನಿಲ್ಲಲ್ವಾ?

ನಿಲ್ಲಲ್ಲ. ಅಕ್ಕಿ ಹಿಟ್ಟಿನ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗೆ. ನಾನು ಮೊದಲ ಸಲ ಕೊಟ್ಟ ಅಂಗಡಿಯವರು ಹೊಸ ಬಟ್ಟೆಯನ್ನೇನೋ ಹಾಕಿದ್ದರು, ಆದರೆ ಕೆಳಗಿನ ಹಳೇ ಪುಡಿಯನ್ನು ಕೆರೆದೇ ಇರಲಿಲ್ಲ. ಅದೂ ಜುಲೈ ತಿಂಗಳಲ್ಲಿ, ಹೊರಗೆ ಜಡಿಮಳೆ ಹೊಡೆಯುತ್ತಿರುವಾಗ ಮಾಡಿದ ಕೆಲಸ. ಎರಡು ತಪ್ಪೂ ಒಂದೇ ದಿನ ಆಗಿತ್ತು.

ಜುಲೈನಲ್ಲಿ ಮಾಡಿದರೆ ಏನು ತೊಂದರೆ? ಶೆಡ್ಡಿನ ಒಳಗೇ ಮಾಡೋದಲ್ವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಮ್ಮ ಊರಿನಲ್ಲಿ ಈ ಕೆಲಸ ಕೆಡುವುದು ಜಾಸ್ತಿ ಇದರಿಂದಲೇ. ರೂಫಿಗೆ ಬಳಸುವುದು ರಬ್ಬರ್ ಜಾತಿಯ ಅಂಟು. ಎರಡೂ ಕಡೆ ಹಚ್ಚಿ, ಒಳಗಿನ ದ್ರಾವಕ ಆರಲು ಬಿಟ್ಟು, ಆಮೇಲೆ ಒತ್ತುವಂಥದ್ದು. ದ್ರಾವಕ ಆವಿಯಾಗುವಾಗ ಅಂಟಿನ ಮೇಲ್ಮೈ ತಣ್ಣಗಾಗುತ್ತದೆ, ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲ, ಹಾಗೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣಗಿನ ಅಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರು ಕೂರುತ್ತದೆ. ಕೆಲವೊಮ್ಮೆ ಕಾಣುತ್ತದೆ ಕೂಡ, ಅಂಟಿನ ಮೇಲೆ ಬಿಳಿ ಮಸುಕು ಕಟ್ಟುತ್ತದೆ. ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಒತ್ತಿದರೆ ಅಂಟಿದ ಹಾಗೂ ಅನ್ನಿಸುತ್ತದೆ, ಎರಡು ತಿಂಗಳಿಗೆ ಬಿಟ್ಟುಕೊಳ್ಳುತ್ತದೆ. ಶೆಡ್ಡಿಗೆ ಸೂರಿದ್ದರೆ ಮಳೆ ಒಳಗೆ ಬರಲ್ಲ ಅಷ್ಟೇ, ಜುಲೈ-ಆಗಸ್ಟಿನ ಕಕ್ಕಡದ ತಿಂಗಳಿನ ಗಾಳಿ ಒಳಗೂ ಅದೇ.

ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಒಳ್ಳೆ ಮಳೆಯ ವರ್ಷ 3,000 ಮಿಲಿಮೀಟರ್ ದಾಟುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೆ ಹಾಕಿದ ಬಟ್ಟೆಯೇ ಒಣಗಲ್ಲ. ಕುಶಾಲನಗರದವರಿಗೆ ಇಷ್ಟು ಕಷ್ಟ ಇಲ್ಲ, ಅಲ್ಲಿನ ಗಾಳಿಯೇ ಬೇರೆ.

ಹಾಗಾದರೆ ಯಾವ ತಿಂಗಳು ಒಳ್ಳೆಯದು?

ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬ ಕಳೆದ ಮೇಲೆ, ಕಾಫಿ ಹೂ ಅರಳಿಸುವ ಮಾರ್ಚಿನ ಹೂ ಮಳೆ ಬೀಳುವುದಕ್ಕೆ ಮೊದಲು. ಆದರೆ ಅದೇ ಹೊತ್ತಿಗೆ ಕಾಫಿ ಕೊಯ್ಲು, ಮನೆಯವರೆಲ್ಲ ಕಣದಲ್ಲಿ. ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವ ನಡುವೆ ಒಂದು ಭಾನುವಾರ ಸಿಕ್ಕಿದರೆ ಹಿಡಿದುಕೊಳ್ಳಿ. ಬೆಳಗ್ಗೆ ಮಂಜು ಪೂರ್ತಿ ಹೋಗುವ ತನಕ ಅಂಟಿನ ಡಬ್ಬ ತೆರೆಯಬೇಡಿ. ಹತ್ತೂವರೆ ಹನ್ನೊಂದರಿಂದ ಮಧ್ಯಾಹ್ನ ಮೂರರ ತನಕ, ಅಷ್ಟೇ ನಮ್ಮ ಟೈಮ್. ಕಣದಲ್ಲಿ ಕಾಫಿ ಹರಡುವ ಹೊತ್ತೇ ಅಂಟು ಹಚ್ಚುವ ಹೊತ್ತು ಅಂತ ನಮ್ಮ ಭಾವ ಹೇಳುತ್ತಾನೆ, ಅವನ ಮಾತು ಅಪರೂಪಕ್ಕೆ ಸರಿ ಇದೆ.

ಈಗ ಮಳೆಗಾಲ. ಅಲ್ಲಿವರೆಗೆ ಏನು ಮಾಡಲಿ?

ಸೀಟ್ ಕವರ್ ಅಂಗಡಿಯಲ್ಲಿ ತಿರುಪಿನ ಪಿನ್ ಸಿಗುತ್ತದೆ, ಸ್ಪ್ರಿಂಗ್ ಥರ ಸುರುಳಿ ಸುತ್ತಿರುತ್ತದೆ, ತಲೆ ಪ್ಲಾಸ್ಟಿಕ್. ಬಟ್ಟೆಯನ್ನು ಮೇಲಕ್ಕೆ ಒತ್ತಿ ಬೋರ್ಡಿಗೆ ತಿರುಗಿಸಿ. ನೋಡಲು ಚೆನ್ನಾಗಿರಲ್ಲ, ಆದರೆ ಹಿಂದಿನ ಗಾಜು ಕನ್ನಡಿಯಲ್ಲಿ ಕಾಣಿಸಬೇಕಲ್ಲ. ಸಿರಿಂಜಿನಲ್ಲಿ ಅಂಟು ಚುಚ್ಚುವುದು ಮಾತ್ರ ಬೇಡ. ಬಟ್ಟೆಯ ಮೇಲೆ ಗಟ್ಟಿ ಕಲೆ ಮೂಡುತ್ತದೆ, ಆಮೇಲೆ ಬೋರ್ಡಿನಿಂದ ಆ ಗಂಟುಗಳನ್ನು ಕೆರೆಯಲು ಇಡೀ ದಿನ ಬೇಕು.

ಪಿನ್ ಹಾಕಿದ ಮೇಲೆ ಸುಮ್ನೆ ಕೂರಬೇಡಿ. ಮಳೆಗಾಲದಲ್ಲಿ ಮಾಡಬೇಕಾದ ಕೆಲಸ ಬೇರೆಯೇ ಇದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ನಮ್ಮ ಕಾರಿನಲ್ಲಿ ಸೋರಿಕೆ ಇಲ್ಲ. ಹುಡುಕಲೇಬೇಕಾ?

ನನಗೂ ಹಾಗೇ ಅನ್ನಿಸಿತ್ತು. ಬೋರ್ಡ್ ಕೆಳಗಿಳಿಸಿದಾಗ ಅದರ ಬೆನ್ನಿನ ಮೇಲೆ ಚಹಾ ಲೋಟ ಇಟ್ಟ ಗುರುತಿನ ಥರ ಕಂದು ವೃತ್ತಗಳು, ಒಂದರೊಳಗೆ ಒಂದು. ಪ್ರತಿ ವೃತ್ತವೂ ಒಂದು ಸಲ ನೆನೆದು ಒಣಗಿದ ಗುರುತು. ಏರಿಯಲ್ ಬುಡದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು, ಹನಿ ಒಳಗೆ ಬಂದು ಬೋರ್ಡ್ ಕುಡಿದುಬಿಡುತ್ತಿತ್ತು, ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಹುಡುಕುವ ವಿಧಾನ ಸುಲಭ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಿ. ಮೇಲಿಂದಲೇ ಸುರಿದರೆ ನೀರು ಎಲ್ಲ ಕಡೆ ಹರಿದು ಯಾವ ತೂತು ಅಂತ ಗೊತ್ತಾಗಲ್ಲ. ನೋಡಬೇಕಾದ ಜಾಗಗಳು: ಏರಿಯಲ್ ಬುಡ, ಕ್ಯಾರಿಯರ್ ಬೋಲ್ಟುಗಳು, ರೂಫಿನ ಎರಡೂ ಪಕ್ಕದ ಚರಂಡಿಯಂಥ ಜಾಗದಲ್ಲಿ ಬಿರುಕು ಬಿಟ್ಟ ಸೀಲೆಂಟ್, ಮುಂದಿನ ಹಿಂದಿನ ಗಾಜಿನ ರಬ್ಬರ್, ಬಾಗಿಲಿನ ಬೀಡಿಂಗ್. ಸನ್‌ರೂಫ್ ಇದ್ದರೆ ಅದರ ಮೂಲೆಗಳ ನೀರಿನ ಪೈಪ್. ತೋಟದ ಮನೆಯವರಾದರೆ ಬಾನೆಟ್ ಎತ್ತಿ ವೈಪರ್ ಕೆಳಗಿನ ತೊಟ್ಟಿಯನ್ನೂ ನೋಡಿ, ಸಿಲ್ವರ್ ಓಕ್ ಎಲೆ ತುಂಬಿಕೊಂಡು ಗೊಬ್ಬರವೇ ಆಗಿರುತ್ತದೆ.

ರೂಫ್ ಬೋರ್ಡ್ ಇಳಿಸುವುದು ಹೇಗೆ? ಮುರಿದರೆ?

ಮುರಿಯುತ್ತದೆ, ಅದಕ್ಕೇ ಇಬ್ಬರು ಬೇಕು. ಸನ್ ವೈಸರ್, ಒಳಗಿನ ಲೈಟು, ಕೈಹಿಡಿಗಳು, ಬಟ್ಟೆ ನೇತುಹಾಕುವ ಕೊಕ್ಕೆ, ಆಮೇಲೆ ಗಾಜುಗಳ ನಡುವಿನ ಕಂಬಗಳ ಪ್ಲಾಸ್ಟಿಕ್, ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್, ಈ ಕ್ರಮದಲ್ಲಿ ಬಿಚ್ಚಿ. ಕೈಹಿಡಿಯ ಸ್ಕ್ರೂಗಳು ಸಣ್ಣ ಮುಚ್ಚಳದ ಕೆಳಗೆ ಅಡಗಿರುತ್ತವೆ. ಲೈಟ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಮುಂದಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ಬೋರ್ಡನ್ನು ಸ್ವಲ್ಪ ಓರೆ ಮಾಡಿ ಮುಂದಿನ ಎಡ ಬಾಗಿಲಿನಿಂದ ಹೊರತೆಗೆಯಬಹುದು. ಹಿಂದೆ ದೊಡ್ಡ ಬಾಗಿಲಿರುವ ಗಾಡಿಯಾದರೆ ಆ ಕಡೆಯಿಂದ ಇನ್ನೂ ಸಲೀಸು. ಯಾವ ಕಾರಣಕ್ಕೂ ಮಡಚಬೇಡಿ. ಬಿರುಕು ಬಿಟ್ಟರೆ ಬೆನ್ನಿನ ಕಡೆಯಿಂದ ಫೈಬರ್ ಬಟ್ಟೆ, ರೆಸಿನ್ ಹಾಕಿ ಗಟ್ಟಿ ಮಾಡಬಹುದು, ಆದರೆ ಮಡಚಿದ ಗೆರೆ ಹೊಸ ಬಟ್ಟೆಯ ಕೆಳಗೂ ಕಾಣುತ್ತದೆ.

ಸ್ಕ್ರೂಗಳನ್ನು ಬೇರೆ ಬೇರೆ ಲೋಟದಲ್ಲಿ ಹಾಕಿಡಿ. ನಾವು ಒಂದೇ ಡಬ್ಬದಲ್ಲಿ ಹಾಕಿ, ಸಂಜೆ ಯಾವುದು ಎಲ್ಲಿಗೆ ಅಂತ ಜಗಳ ಆಡಿದೆವು.

ಹೊಸ ಕಾರುಗಳಿಗೂ ಹೀಗೇನಾ?

ಅಲ್ಲ. ಸೈಡ್ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ರೂಫಿನ ಅಂಚಿನಲ್ಲೇ ಮಡಚಿ ಕೂತಿರುತ್ತದೆ. ಕಂಬದ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಕೈ ಹಾಕಬೇಡಿ, ತಿಳಿದವರಿಗೆ ಕೊಡಿ. ಆ ಅಂಚುಗಳನ್ನು ಅಂಟು ಹಾಕಿ ಬಿಗಿದರೆ ಬೇಕಾದ ಹೊತ್ತಿಗೆ ಅದು ಬಿಚ್ಚಿಕೊಳ್ಳದೇ ಹೋಗಬಹುದು. ಇಲ್ಲಿ ಬರೆದಿರುವುದೆಲ್ಲ ಅದಕ್ಕಿಂತ ಹಿಂದಿನ ಕಾಲದ ಗಾಡಿಗಳಿಗೆ.

ಬೋರ್ಡ್ ಇಳಿಸಿಯಾಯಿತು. ಮುಂದೆ?

ಎರಡು ಬೆಂಚಿನ ಮೇಲೆ ಮಲಗಿಸಿ. ಹಳೇ ಬಟ್ಟೆ ಕೈಯಲ್ಲೇ ಸುಲಿದು ಬರುತ್ತದೆ, ಬಾಳೆ ಸಿಪ್ಪೆ ತೆಗೆದಷ್ಟು ಸುಲಭ. ಉಳಿಯುವುದು ಪುಡಿ. ಗಟ್ಟಿ ನೈಲಾನ್ ಬ್ರಷ್ ತೆಗೆದುಕೊಂಡು ಒಂದೇ ದಿಕ್ಕಿನಲ್ಲಿ ಉಜ್ಜಿ. ತಂತಿ ಬ್ರಷ್ ಬೇಡ, ಬೋರ್ಡೇ ಕಿತ್ತು ಬರುತ್ತದೆ. ಮೂಗಿಗೆ ಮಾಸ್ಕ್ ಇಲ್ಲದೆ ಶುರು ಮಾಡಬೇಡಿ. ನಾನು ಬರೀ ಕರವಸ್ತ್ರ ಕಟ್ಟಿಕೊಂಡು ಉಜ್ಜಿ ಎರಡು ದಿನ ಸೀನುತ್ತಿದ್ದೆ, ಕಣ್ಣುರೆಪ್ಪೆ ತನಕ ಹಳದಿ. ಅಂಗೈ ಸವರಿದಾಗ ಪುಡಿ ಅಂಟಬಾರದು, ಅಲ್ಲಿ ತನಕ ಉಜ್ಜಬೇಕು. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದೂ ಇದೇ, ಅಂಗಡಿಯವರು ಹಾರಿಸುವುದೂ ಇದೇ.

ಆಮೇಲೆ ಬೋರ್ಡನ್ನು ಬಿಸಿಲಿಗೆ ಇಡಿ. ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರೆ ಬೆಚ್ಚಗಿರಬೇಕು, ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ.

ಯಾವ ಬಟ್ಟೆ, ಯಾವ ಅಂಟು?

ಫೋಮ್ ಇರುವ ರೂಫ್ ಲೈನಿಂಗ್ ಬಟ್ಟೆಯೇ ಬೇಕು. ಪರದೆ ಬಟ್ಟೆ, ಹಳೇ ಸೀರೆ ಅಂತೆಲ್ಲ ಪ್ರಯೋಗ ಮಾಡಿದವರನ್ನು ನೋಡಿದ್ದೇನೆ. ಬೋರ್ಡಿನ ಪ್ರತಿ ಗುಂಡಿ ಕಾಣುತ್ತದೆ, ಅಂಟು ಸೋಸಿಕೊಂಡು ಹೊರಗೆ ಬಂದು ಕಲೆಯಾಗುತ್ತದೆ. ಬೋರ್ಡಿನ ಅಳತೆಗಿಂತ ನಾಲ್ಕೂ ಕಡೆ 10ರಿಂದ 15 ಸೆಂಟಿಮೀಟರ್ ಜಾಸ್ತಿ ತೆಗೆದುಕೊಳ್ಳಿ. ರೂಫ್ ಚಪ್ಪಟೆಯಲ್ಲ, ಗುಂಡಿಗಳೊಳಗೆ ಬಟ್ಟೆ ಹೋಗುತ್ತದೆ.

ಅಂಟು ಕಾರಿನ ಒಳಗಿನ ಕೆಲಸಕ್ಕೆ ಅಂತ ಬರೆದಿರುವ, ಬಿಸಿ ತಡೆಯುವ ರಬ್ಬರ್ ಅಂಟಾಗಿರಲಿ. ಸ್ಪ್ರೇ ಆದರೂ ಸರಿ, ಬ್ರಷ್ ಆದರೂ ಸರಿ. ನಮ್ಮಲ್ಲಿ ತಂಪು ಹವೆ ಅಲ್ವಾ, ಬಿಸಿ ತಡೆಯುವುದು ಯಾಕೆ ಅಂತ ಒಬ್ಬರು ಕೇಳಿದರು. ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ ರೂಫ್ ಮುಟ್ಟಿ ನೋಡಿ. ಮರದ ಕೆಲಸದ ಬಿಳಿ ಅಂಟು ಬೇಡವೇ ಬೇಡ. ಅದು ನೀರಿನ ಅಂಟು, ತೇವಕ್ಕೆ ಮೆತ್ತಗಾಗುತ್ತದೆ.

ಇನ್ನೊಂದು ಮಾತು. ಈ ಅಂಟಿನ ಆವಿ ಬೆಂಕಿ ಹಿಡಿಯುತ್ತದೆ. ಬಚ್ಚಲ ಒಲೆ ಉರಿಯುವ ಮಗ್ಗುಲಿನ ಶೆಡ್ಡಿನಲ್ಲಿ ಮಾಡಬೇಡಿ, ಬೀಡಿ ಸಿಗರೇಟು ದೂರ ಇಡಿ, ಎರಡೂ ಕಡೆ ಬಾಗಿಲು ತೆಗೆದಿರಲಿ.

ಅಂಟಿಸುವಾಗ ಸುಕ್ಕು ಬರದ ಹಾಗೆ ಹೇಗೆ?

ಬಟ್ಟೆಯನ್ನು ಬೋರ್ಡಿನ ಮೇಲೆ ಪೂರ್ತಿ ಹಾಸಿ ಸರಿ ಮಾಡಿ, ಆಮೇಲೆ ಅರ್ಧವನ್ನು ಮಾತ್ರ ಹಿಂದಕ್ಕೆ ಮಡಚಿ. ಆ ಅರ್ಧ ಬೋರ್ಡಿಗೂ, ಬಟ್ಟೆಯ ಫೋಮಿಗೂ ತೆಳ್ಳಗೆ ಅಂಟು. ಡಬ್ಬದ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಬೆರಳಿನ ಗೆಣ್ಣು ತಾಗಿಸಿದರೆ ಹಿಡಿದ ಹಾಗೆ ಆಗಬೇಕು, ಆದರೆ ನೂಲು ಎಳೆಯಬಾರದು. ಹಲಸಿನ ಮೇಣದ ಥರ ನೂಲು ಎಳೆದರೆ ಇನ್ನೂ ಹಸಿ. ಹಸಿಯಲ್ಲಿ ಒತ್ತಿದರೆ ಅಂಟು ಫೋಮಿನೊಳಗೆ ಇಳಿದು ಅಲ್ಲಲ್ಲಿ ಗಟ್ಟಿ ಚಪ್ಪಟೆ ಮಚ್ಚೆ ಉಳಿಯುತ್ತದೆ.

ನಡುವಿನಿಂದ ಅಂಚಿಗೆ, ಬರೀ ಅಂಗೈಯಿಂದ, ಮಗುವಿಗೆ ಎಣ್ಣೆ ಹಚ್ಚುವಷ್ಟು ಮೆಲ್ಲಗೆ ಸವರುತ್ತಾ ಹೋಗಿ. ಒಬ್ಬರು ಬಟ್ಟೆ ಎತ್ತಿ ಹಿಡಿದಿರಬೇಕು, ಎಳೆಯಬಾರದು. ಲೈಟಿನ ಗುಂಡಿ ಬಂದಾಗ ಮೊದಲು ಗುಂಡಿಯ ತಳಕ್ಕೆ ಬಟ್ಟೆ ಇಳಿಸಿ, ಆಮೇಲೆ ಮುಂದೆ ಹೋಗಿ. ಮೇಲೆ ಸೇತುವೆ ಕಟ್ಟಿದ ಹಾಗೆ ಎಳೆದು ದಾಟಿದರೆ ನಾಳೆ ಅಲ್ಲಿಂದಲೇ ಏಳಲು ಶುರುವಾಗುತ್ತದೆ. ನಮ್ಮ ಕಾರಿನಲ್ಲಿ ಹಿಂದಿನ ಬಲ ಮೂಲೆಯಲ್ಲಿ ಇವತ್ತಿಗೂ ಒಂದು ಸುಕ್ಕಿದೆ. ಅಷ್ಟು ಹೊತ್ತಿಗೆ ಕೈ ಸೋತಿತ್ತು.

ಉಳಿದರ್ಧಕ್ಕೂ ಹೀಗೇ. ಒಂದು ದಿನ ಪೂರ್ತಿ ಬಿಟ್ಟು, ಮಾರನೇ ದಿನ ತೂತುಗಳನ್ನು ಕತ್ತರಿಸಿ, ಅಂಚುಗಳನ್ನು ಬೆನ್ನಿಗೆ ಮಡಚಿ ಅಂಟಿಸಿ.

ನಮ್ಮದು ಅಂಬಾಸಿಡರ್. ಅದಕ್ಕೆ ಬೋರ್ಡೇ ಇಲ್ವಲ್ಲ?

ಹೌದು, ಅಂಬಾಸಿಡರ್, ಪದ್ಮಿನಿ ಕಾಲದ ಗಾಡಿಗಳಲ್ಲಿ ಲೈನಿಂಗನ್ನು ಅಡ್ಡ ಕಂಬಿಗಳ ಮೇಲೆ ಡೇರೆಯ ಹಾಗೆ ನೇತುಹಾಕಿರುತ್ತಾರೆ. ಲೈನಿಂಗಿಗೆ ಹೊಲಿಗೆ ಹಾಕಿ ಚೀಲದಂಥ ಪಟ್ಟಿ ಮಾಡಿ ಅದರೊಳಗೆ ಕಂಬಿ ತೂರಿಸಿರುತ್ತಾರೆ. ಇದಕ್ಕೆ ಹಳೇದನ್ನು ಬಿಚ್ಚಿ ಅದನ್ನೇ ಅಳತೆ ಇಟ್ಟು ಹೊಲಿಯುವ ಕೈ ಬೇಕು, ಅಂಟು ಅಂಚಿಗೆ ಮಾತ್ರ. ಕಂಬಿಗಳಿಗೆ ಮುಂದಿನಿಂದ ಹಿಂದಕ್ಕೆ ನಂಬರ್ ಬರೆದಿಡಿ, ಒಂದೊಂದರ ಬಾಗು ಬೇರೆ. ಇದನ್ನು ಹಳೇ ಕುಶನ್ ಕೆಲಸದವರಿಗೇ ಕೊಡಿ ಅಂತ ನನ್ನ ಸಲಹೆ.

ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಗಡೆಯ ಹೊದಿಕೆ ಬೋರ್ಡ್, ಕೆಳಗಡೆ ಉಬ್ಬಿ ಹೊರಗೆ ಬಂದಿದೆ. ಕ್ಲಿಪ್ ಬದಲಾಯಿಸಿದರೂ ನಿಲ್ಲುತ್ತಿಲ್ಲ.

ಕ್ಲಿಪ್ಪಿನ ತಪ್ಪಲ್ಲ. ಬಾಗಿಲಿನೊಳಗೆ ಮಳೆನೀರು ಹೋಗುವುದು ಸಹಜ, ಅದು ಗೊತ್ತಿಲ್ಲದೆ ಜನ ಗಾಬರಿಯಾಗುತ್ತಾರೆ. ಕಿಟಕಿ ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲಿನ ಹೊಟ್ಟೆಯೊಳಗೆ ಹರಿದು, ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಪ್ಯಾಡಿಗೆ ನೀರು ತಾಗದ ಹಾಗೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹಳೇ ಗಾಡಿಗಳಲ್ಲಿ ಆ ಹಾಳೆ ಇರುವುದೇ ಅಪರೂಪ. ಗಾಜಿನ ಮೆಷಿನ್ ರಿಪೇರಿಗೆ ಯಾರೋ ಬಿಚ್ಚಿರುತ್ತಾರೆ, ಹರಿದು ಬಿಸಾಕಿರುತ್ತಾರೆ, ಸುಮ್ನೆ ಪ್ಯಾಡ್ ಒತ್ತಿ ಕಳಿಸಿರುತ್ತಾರೆ. ಆಮೇಲೆ ಹಾರ್ಡ್‌ಬೋರ್ಡ್ ನೀರು ಕುಡಿದು ನೆನೆದ ಹಪ್ಪಳದ ಹಾಗೆ ಆಗುತ್ತದೆ, ಕ್ಲಿಪ್ ಹಿಡಿಯುವ ತೂತೇ ದೊಡ್ಡದಾಗುತ್ತದೆ.

ಮೊದಲು ಬಾಗಿಲಿನ ತಳದ ತೂತುಗಳಿಗೆ ಹಳೇ ಸೈಕಲ್ ಕಡ್ಡಿ ಹಾಕಿ ನೋಡಿ. ಕೆಂಪು ಮಣ್ಣು ಕಟ್ಟಿಕೊಂಡಿರುತ್ತದೆ. ನಮ್ಮ ಹಿಂದಿನ ಬಾಗಿಲಿನಿಂದ ಅರ್ಧ ಚೊಂಬು ನೀರು ಬಂತು, ಅದೂ ಮಳೆ ನಿಂತು ವಾರ ಆದ ಮೇಲೆ.

ಹೊಸ ಹಾಳೆಗೆ ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ಚೆನ್ನಾಗಿ ತೊಳೆದು ಒಣಗಿಸಿ ಬಳಸಬಹುದು, ನಾನು ಬಳಸಿದ್ದೇನೆ. ಸುತ್ತ ಜಿಗುಟು ರಬ್ಬರಿನಂಥ ಕಪ್ಪು ಬ್ಯುಟೈಲ್ ಟೇಪ್ ಹಾಕಿ, ಸೆಲ್ಲೋ ಟೇಪ್ ಅಲ್ಲ. ಮುಖ್ಯವಾದ್ದು ಕೆಳಗಿನ ಅಂಚು. ಅದನ್ನು ಬಾಗಿಲಿನ ಸೀಳಿನೊಳಗೆ ತೂರಿಸಬೇಕು, ಹಾಳೆಯ ಮೇಲೆ ಇಳಿದ ನೀರು ಬಾಗಿಲಿನ ಹೊಟ್ಟೆಗೇ ವಾಪಸ್ ಬೀಳಬೇಕು. ಅಂಚನ್ನು ಹೊರಗೆ ಬಿಟ್ಟರೆ ಹಾಳೆ ಇದ್ದೂ ಇಲ್ಲದ ಹಾಗೆ.

ಕೈಯಲ್ಲಿ ತಿರುಗಿಸುವ ಗಾಜಿನ ಹ್ಯಾಂಡಲ್ ಬಿಚ್ಚುವುದು ಹೇಗೆ? ಸ್ಕ್ರೂ ಕಾಣುತ್ತಿಲ್ಲ.

ಬಹಳ ಗಾಡಿಗಳಲ್ಲಿ ಸ್ಕ್ರೂ ಇಲ್ಲ. ಹಿಂದೆ ಕುದುರೆ ಲಾಳದ ಆಕಾರದ ತಂತಿ ಲಾಕ್ ಇದೆ. ತೆಳ್ಳಗಿನ ಹತ್ತಿ ಬಟ್ಟೆ ಪಟ್ಟಿಯನ್ನು ಹ್ಯಾಂಡಲ್ ಮತ್ತು ಪ್ಯಾಡಿನ ನಡುವೆ ತೂರಿಸಿ, ಬೆನ್ನು ಉಜ್ಜುವ ಹಾಗೆ ಎಡಕ್ಕೆ ಬಲಕ್ಕೆ ಎಳೆಯುತ್ತಾ ಮೇಲಕ್ಕೆ ಹೋದರೆ ಲಾಕ್ ಟಪ್ ಅಂತ ಹಾರುತ್ತದೆ. ಇನ್ನೊಂದು ಕೈ ಅಡ್ಡ ಇಟ್ಟಿರಿ. ನಮ್ಮದು ಹಾರಿ ಕಾಫಿ ಗಿಡದ ಬುಡಕ್ಕೆ ಬಿತ್ತು, ಸಿಗಲಿಲ್ಲ. ಉಳಿದ ಸ್ಕ್ರೂಗಳು ಆರ್ಮ್‌ರೆಸ್ಟ್ ಕುಳಿಯಲ್ಲಿ, ಬಾಗಿಲು ತೆಗೆಯುವ ಹಿಡಿಯ ಹಿಂದೆ. ಆಮೇಲೆ ಕೆಳಗಿನ ಮೂಲೆಯಿಂದ, ಪ್ರತಿ ಕ್ಲಿಪ್ಪಿನ ಪಕ್ಕದಲ್ಲೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎಬ್ಬಿಸಿ. ಎರಡು ಕ್ಲಿಪ್ ನಡುವೆ ಎಳೆದರೆ ಬೋರ್ಡ್ ಹೋಗುತ್ತದೆ.

ಉಬ್ಬಿದ ಬೋರ್ಡ್ ಸರಿಯಾಗುತ್ತಾ?

ಸ್ವಲ್ಪ ಉಬ್ಬಿದ್ದರೆ ಒಣಗಿಸಿ, ಭಾರ ಇಟ್ಟು ಚಪ್ಪಟೆ ಮಾಡಿ, ಹರಿದ ತೂತಿಗೆ ತೆಳ್ಳಗಿನ ತಗಡಿನ ತುಂಡು ಅಂಟಿಸಿ ಹೊಸ ತೂತು ಕೊರೆಯಬಹುದು. ಕೆಳಗಿನ ಭಾಗ ಹಿಟ್ಟಾಗಿದ್ದರೆ 3 ಮಿಲಿಮೀಟರ್ ಹಾರ್ಡ್‌ಬೋರ್ಡ್ ತಂದು ಹಳೇದನ್ನು ಮೇಲಿಟ್ಟು ಗೆರೆ ಎಳೆದು ಕತ್ತರಿಸಿ. ಚಪ್ಪಟೆ ಪ್ಯಾಡುಗಳಿಗೆ ಇದು ಸುಲಭ, ಅಚ್ಚು ಹಾಕಿದ ಪ್ಲಾಸ್ಟಿಕ್ ಪ್ಯಾಡಿಗೆ ಆಗಲ್ಲ. ರೆಕ್ಸಿನ್ ಹೊದಿಸುವ ಮೊದಲು ಹಿಂಭಾಗಕ್ಕೆ, ಅದರಲ್ಲೂ ಕತ್ತರಿಸಿದ ಅಂಚಿಗೆ, ಎರಡು ಕೋಟ್ ಆಯಿಲ್ ಪೇಂಟ್ ಹೊಡೆಯಿರಿ. ಬೋರ್ಡ್ ನೀರು ಕುಡಿಯುವುದು ಅಂಚಿನಿಂದಲೇ.

ಬೂಷ್ಟು ವಾಸನೆ ಹೋಗುತ್ತಿಲ್ಲ. ಬಟ್ಟೆ ತೊಳೆಯಲಾ?

ರೂಫ್ ಬಟ್ಟೆಯನ್ನು ನೆನೆಸಿದರೆ ಮೇಲೆ ಹೇಳಿದ ಕಥೆ ಬೇಗ ಶುರುವಾಗುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಹಾಕಿ ಹಿಂಡಿ, ಒತ್ತದೆ ಒರೆಸಿ. ಒರೆಸಿದ ದಿನ ಬಿಸಿಲಿರಲಿ, ನಾಲ್ಕೂ ಬಾಗಿಲು ತೆಗೆದಿಡಿ. ವಾಸನೆ ಮತ್ತೆ ಬಂದರೆ ಕಾಲಡಿಯ ಮ್ಯಾಟ್ ಎತ್ತಿ ಕೆಳಗಿನ ಫೆಲ್ಟ್ ಹಿಂಡಿ ನೋಡಿ. ಒದ್ದೆ ಕೊಡೆ, ಒದ್ದೆ ನಾಯಿ, ಎಲ್ಲಾ ನೀರು ಅಲ್ಲಿಗೇ ಹೋಗುವುದು. ಎಸಿ ಇದ್ದರೆ ಮನೆ ತಲುಪುವ ತನಕ ಹೊರಗಿನ ಗಾಳಿ ಬರುವ ಹಾಗೆ ಇಟ್ಟು ಓಡಿಸಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಇಟ್ಟರೆ ತೇವ ಒಳಗೇ ಉಳಿಯುತ್ತದೆ.

ರೂಫ್ ಮೇಲೆ ಕರಕರ ಶಬ್ದ?

ಇಲಿ. ತೋಟದ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಗೆ ಇದು ಮಾಮೂಲು. ಫೆಲ್ಟ್ ಕಿತ್ತು ಗೂಡು ಮಾಡುತ್ತದೆ, ವಯರ್ ಕೂಡ ಕಡಿಯುತ್ತದೆ. ಬೋರ್ಡ್ ಇಳಿಸಿದಾಗ ವಯರ್‌ಗಳನ್ನು ಒಂದು ಸಲ ಪೂರ್ತಿ ನೋಡಿಬಿಡಿ.

ಅಂಗಡಿಗೆ ಕೊಡುವುದಾದರೆ ಏನು ಕೇಳಬೇಕು?

ಮೂರು ಪ್ರಶ್ನೆ. ಬೋರ್ಡ್ ಇಳಿಸಿ ಮಾಡುತ್ತೀರಾ, ಗಾಡಿಯಲ್ಲೇ ಮಾಡುತ್ತೀರಾ? ಹಳೇ ಫೋಮ್ ಕೆರೆದ ಮೇಲೆ ಅಂಟು ಹಾಕುವ ಮುಂಚೆ ನನಗೆ ತೋರಿಸುತ್ತೀರಾ? ಯಾವ ಅಂಟು? ಮೊದಲನೆಯದಕ್ಕೆ ಗಾಡಿಯಲ್ಲೇ ಅಂದರೆ ಚಹಾ ಕುಡಿದು ವಾಪಸ್ ಬನ್ನಿ. ರೇಟಿನಲ್ಲಿ ಬಟ್ಟೆಯದ್ದು ಸಣ್ಣ ಪಾಲು, ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು. ಹಾಗಾಗಿ ಬಹಳ ಕಮ್ಮಿ ಹೇಳಿದವರು ಏನನ್ನು ಹಾರಿಸುತ್ತಾರೆ ಅಂತ ನಿಮಗೀಗ ಗೊತ್ತು.

15 ವರ್ಷ ಆಗುತ್ತಾ ಬಂತು. ಆರ್‌ಸಿ ರಿನ್ಯೂವಲ್‌ಗೆ ಇದೆಲ್ಲ ಬೇಕಾ?

ಒಳಗಿನ ಬಟ್ಟೆ ಬದಲಾಯಿಸಿದ್ದಕ್ಕೆ ಆರ್‌ಸಿಯಲ್ಲಿ ಬರೆಸುವುದೇನೂ ಇಲ್ಲ. ರಿನ್ಯೂವಲ್ 5 ವರ್ಷಕ್ಕೆ ಸಿಗುತ್ತದೆ, ಅದಕ್ಕೆ ಗಾಡಿ ತೋರಿಸಬೇಕು. ಬಾಗಿಲು ಒಳಗಿನಿಂದ ತೆರೆಯಬೇಕು, ಗಾಜು ಏರಬೇಕು ಇಳಿಯಬೇಕು, ಕನ್ನಡಿಗೆ ಬಟ್ಟೆ ಅಡ್ಡ ಬರಬಾರದು. ನಮ್ಮ ಕೆಎ 12 ಗಾಡಿಗೆ ಪಿನ್ ಚುಚ್ಚಿಕೊಂಡೇ ಮೊದಲ ರಿನ್ಯೂವಲ್ ಆಯಿತು.

ಕಪ್ಪು ಬಟ್ಟೆ ಹಾಕಿದರೆ ಹೇಗೆ? ಕೊಳೆ ಕಾಣಲ್ಲ ಅಲ್ವಾ?

ಕೊಳೆ ಕಾಣಲ್ಲ, ನೀರಿನ ಕಲೆಯೂ ಕಾಣಲ್ಲ. ಅದೇ ತೊಂದರೆ. ನಾವು ತಿಳಿ ಬೂದು ಹಾಕಿದೆವು. ಹೋದ ಆಗಸ್ಟ್‌ನಲ್ಲಿ ಒಳಗಿನ ಲೈಟಿನ ಪಕ್ಕ ನಾಲ್ಕಾಣೆ ಅಗಲದ ಕಂದು ಚುಕ್ಕೆ ಕಂಡಿತು, ಆ ಸಂಜೆಯೇ ಹೊಸ ಏರಿಯಲ್ ರಬ್ಬರ್ ಹಾಕಿಸಿದೆ.